ಕಬ್ಬಿಣದ ಪದರ ಎಷ್ಟು ತೆಳುವಾದರೆ ಅಯಸ್ಕಾಂತವಾಗಿ ಉಳಿಯುವುದಿಲ್ಲ?

ಅಯಸ್ಕಾಂತವನ್ನು ಮುರಿದು ಎರಡು ತುಂಡು ಮಾಡಿದರೆ ಎರಡು ಅಯಸ್ಕಾಂತಗಳು ಸಿಗುತ್ತವೆ. ಒಂದು ತುಂಡಿಗೆ ಉತ್ತರ ಧ್ರುವ, ಇನ್ನೊಂದಕ್ಕೆ ದಕ್ಷಿಣ ಧ್ರುವ ಎಂದು ಹಂಚಿಹೋಗುವುದಿಲ್ಲ; ಎರಡರಲ್ಲೂ ಎರಡೂ ಧ್ರುವಗಳಿರುತ್ತವೆ. ಇದನ್ನು ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ. ಪಾಠ ಅಲ್ಲಿಗೇ ಮುಗಿಯುವುದರಿಂದ ಬಹಳ ಜನರ ಮನಸ್ಸಿನಲ್ಲಿ ಒಂದು ನಂಬಿಕೆ ಉಳಿದುಬಿಡುತ್ತದೆ: ಎಷ್ಟು ಸಲ ಕತ್ತರಿಸಿದರೂ, ಕೊನೆಗೆ ಪರಮಾಣುವಿನ ಮಟ್ಟಕ್ಕೆ ಇಳಿದರೂ, ಕೈಗೆ ಸಿಗುವುದು ಪುಟ್ಟ ಅಯಸ್ಕಾಂತವೇ.

ಇದು ಅರ್ಧ ನಿಜ. ಒಂಟಿ ಕಬ್ಬಿಣದ ಪರಮಾಣುವಿಗೂ ತನ್ನದೇ ಕಾಂತಶಕ್ತಿ ಇದೆ, ಸರಿ. ಆದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿರುವ ಬಿಲ್ಲೆಯ ಗುಣ ಬೇರೆಯೇ. ಅದರೊಳಗಿನ ಅಸಂಖ್ಯ ಪರಮಾಣುಗಳು ಒಂದೇ ದಿಕ್ಕಿಗೆ ಮುಖಮಾಡಿ ನಿಂತಿವೆ, ಕೋಣೆಯ ಬಿಸಿಯಲ್ಲೂ ಕದಲದೆ ವರ್ಷಗಟ್ಟಲೆ ಹಾಗೆಯೇ ನಿಲ್ಲುತ್ತವೆ. ಈ ಒಗ್ಗಟ್ಟಿಗೆ ಕನಿಷ್ಠ ಎಷ್ಟು ಪರಮಾಣುಗಳ ದಪ್ಪ ಬೇಕು? ಕಬ್ಬಿಣವನ್ನು ಅರೆವಾಹಕದ ಮೇಲೆ ಒಂದೊಂದೇ ಪದರವಾಗಿ ಬೆಳೆಸಿ ವಿಜ್ಞಾನಿಗಳು ಇದಕ್ಕೆ ಉತ್ತರ ಹುಡುಕಿದ್ದಾರೆ. ಉತ್ತರ ಸಿಗುವ ಮೊದಲು ಒಂದು ತಪ್ಪು ಅನುಮಾನ ಹಲವು ವರ್ಷಗಳ ಕಾಲ ಅವರನ್ನು ಕಾಡಿತು. ಆ ಕತೆಯೇ ಈ ಲೇಖನದ ವಿಷಯ.

ಮೊದಲು ಅಳತೆಯ ಅಂದಾಜು ಮಾಡಿಕೊಳ್ಳೋಣ. ಕಬ್ಬಿಣದ ಹರಳಿನಲ್ಲಿ ಒಂದು ಪರಮಾಣು ಪದರಕ್ಕೂ ಅದರ ಮೇಲಿನ ಪದರಕ್ಕೂ ಇರುವ ಅಂತರ ಸುಮಾರು 0.14 ನ್ಯಾನೋಮೀಟರ್. ಐದು ಪದರ ಸೇರಿದರೆ 0.7 ನ್ಯಾನೋಮೀಟರ್. ನಿಮ್ಮ ಬೆರಳಿನ ಉಗುರು ಒಂದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ನ್ಯಾನೋಮೀಟರ್ ಬೆಳೆಯುತ್ತದೆ. ಈ ವಾಕ್ಯ ಓದುವಷ್ಟರಲ್ಲಿ ಉಗುರು ಬೆಳೆದಿರುವುದು ನಾವು ಮಾತಾಡುತ್ತಿರುವ ಕಬ್ಬಿಣದ ಹಾಳೆಗಿಂತ ದಪ್ಪ!

ಇಷ್ಟು ತೆಳುವಾದಾಗ ಕಾಂತತ್ವಕ್ಕೆ ಏಕೆ ತೊಂದರೆಯಾಗಬೇಕು? ಕಬ್ಬಿಣದ ಪ್ರತಿ ಪರಮಾಣುವಿನಲ್ಲೂ ಕೆಲವು ಇಲೆಕ್ಟ್ರಾನ್‌ಗಳ 'ಸ್ಪಿನ್' ಎಂಬ ಗುಣ ಒಂದನ್ನೊಂದು ರದ್ದುಮಾಡದೆ ಉಳಿಯುತ್ತದೆ. ಅದರಿಂದ ಪರಮಾಣು ಒಂದು ಪುಟ್ಟ ದಿಕ್ಸೂಚಿಯಂತೆ ವರ್ತಿಸುತ್ತದೆ. ಅಕ್ಕಪಕ್ಕದ ಪರಮಾಣುಗಳ ನಡುವೆ ಕ್ವಾಂಟಮ್ ನಿಯಮಗಳಿಂದ ಹುಟ್ಟುವ ಒಂದು ಸೆಳೆತವಿದೆ. 'ನೀನು ಯಾವ ಕಡೆಗೋ ನಾನೂ ಆ ಕಡೆಗೇ' ಎನ್ನುವ ಬಗೆಯದು. ಇದಕ್ಕೆ ಎದುರಾಳಿ ಬಿಸಿ. ಬಿಸಿ ಎಂದರೆ ಪರಮಾಣುಗಳ ಕುಲುಕಾಟ, ಕುಲುಕಾಟ ಹೆಚ್ಚಿದಷ್ಟೂ ಒಗ್ಗಟ್ಟು ಕಷ್ಟ. ದಪ್ಪ ಕಬ್ಬಿಣದಲ್ಲಿ ಈ ಜಗಳದಲ್ಲಿ ಬಿಸಿ ಗೆಲ್ಲುವುದು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೆ ಕ್ಯೂರಿ ತಾಪ ಎಂದು ಹೆಸರು. ಅದಕ್ಕಿಂತ ಬಿಸಿಯಾದ ಕಬ್ಬಿಣವನ್ನು ಅಯಸ್ಕಾಂತ ಹಿಡಿಯುವುದಿಲ್ಲ.

ತೆಳು ಪದರದಲ್ಲಿ ಪ್ರತಿ ಪರಮಾಣುವಿಗೂ ನೆರೆಹೊರೆ ಕಡಿಮೆ. ಮೇಲೆ ಯಾರೂ ಇಲ್ಲ, ಕೆಳಗೆ ಬೇರೆ ಜಾತಿಯ ಪರಮಾಣುಗಳು. ಹಾಗಾಗಿ ಒಗ್ಗಟ್ಟು ಬೇಗ ಮುರಿಯುತ್ತದೆ, ಕ್ಯೂರಿ ತಾಪ ಕೆಳಗಿಳಿಯುತ್ತದೆ. 1966ರಲ್ಲಿ ಡೇವಿಡ್ ಮರ್ಮಿನ್ ಮತ್ತು ಹರ್ಬರ್ಟ್ ವ್ಯಾಗ್ನರ್ ಗಣಿತದ ಮೂಲಕ ಇನ್ನೂ ಕಠಿಣವಾದ ಮಾತೊಂದನ್ನು ಸಾಬೀತು ಮಾಡಿದರು. ಸ್ಪಿನ್‌ಗಳಿಗೆ ಎಲ್ಲ ದಿಕ್ಕುಗಳೂ ಒಂದೇ ಸಮ ಎನ್ನುವ ಪರಿಸ್ಥಿತಿಯಲ್ಲಿ, ಅವುಗಳ ಸೆಳೆತ ಹತ್ತಿರದ ನೆರೆಯವರಿಗೆ ಸೀಮಿತವಾಗಿದ್ದರೆ, ಎರಡೇ ಆಯಾಮದ ಹಾಳೆ ಸ್ವಲ್ಪ ಬಿಸಿಯಿದ್ದರೂ ಅಯಸ್ಕಾಂತವಾಗಿ ಉಳಿಯಲಾರದು. ನಿಜವಾದ ಹರಳುಗಳನ್ನು ಕಾಪಾಡುವುದು ಆ 'ಎಲ್ಲ ದಿಕ್ಕುಗಳೂ ಸಮ' ಎನ್ನುವ ಷರತ್ತು ಅವುಗಳಿಗೆ ಅನ್ವಯಿಸದಿರುವುದು. ಹರಳಿನೊಳಗೆ ಸ್ಪಿನ್‌ಗಳಿಗೆ ಕೆಲವು ದಿಕ್ಕು ಇಷ್ಟ, ಕೆಲವು ಕಷ್ಟ. ಈ ದಿಕ್ಕಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಪದರ ಬೆಳೆಸುವ ಕೆಲಸ. ಕಬ್ಬಿಣದ ಹಾಳೆಯನ್ನು ತಟ್ಟಿ ತಟ್ಟಿ ಐದು ಪರಮಾಣುಗಳಷ್ಟು ತೆಳು ಮಾಡುವುದು ಆಗದ ಮಾತು. ಅದನ್ನು ತಳದಿಂದ ಮೇಲಕ್ಕೆ ಕಟ್ಟಬೇಕು, ಅದಕ್ಕೊಂದು ನೆಲ ಬೇಕು. ಅಮೆರಿಕದ ನೇವಲ್ ರಿಸರ್ಚ್ ಲ್ಯಾಬೊರೇಟರಿಯ ಗ್ಯಾರಿ ಪ್ರಿನ್ಸ್ ಮತ್ತು ಕ್ರೆಬ್ಸ್ ಆರಿಸಿಕೊಂಡ ನೆಲ ಗ್ಯಾಲಿಯಂ ಆರ್ಸೆನೈಡ್. ಇದು ಸಿಲಿಕಾನ್‌ನ ಹಾಗೆ ಒಂದು ಅರೆವಾಹಕ. ಮೊಬೈಲಿನ ರೇಡಿಯೋ ಚಿಪ್‌ಗಳಲ್ಲಿ, ಲೇಸರ್‌ಗಳಲ್ಲಿ, ಉಪಗ್ರಹಗಳ ಸೌರಫಲಕಗಳಲ್ಲಿ ಬಳಕೆಯಾಗುತ್ತದೆ. ಅವರು ಅದನ್ನು ಆರಿಸಲು ಕಾರಣ ಒಂದು ಅದೃಷ್ಟದ ಲೆಕ್ಕ. ಗ್ಯಾಲಿಯಂ ಆರ್ಸೆನೈಡ್ ಹರಳಿನ ಘನಾಕಾರದ ಮೂಲ ಚೌಕಟ್ಟಿನ ಅಂಚು 0.5653 ನ್ಯಾನೋಮೀಟರ್. ಕಬ್ಬಿಣದ್ದು 0.2866. ಕಬ್ಬಿಣದ ಎರಡು ಚೌಕಟ್ಟುಗಳನ್ನು ಪಕ್ಕಪಕ್ಕ ಇಟ್ಟರೆ 0.5732, ಅಂದರೆ ಗ್ಯಾಲಿಯಂ ಆರ್ಸೆನೈಡ್‌ನ ಒಂದು ಚೌಕಟ್ಟಿಗಿಂತ ಬರೀ ಶೇಕಡಾ 1.4ರಷ್ಟು ದೊಡ್ಡದು. ಹಳೇ ನೆಲದ ಒಂದು ಕಲ್ಲಿನ ಮೇಲೆ ಉದ್ದಕ್ಕೂ ಅಗಲಕ್ಕೂ ಎರಡೆರಡು ಹೊಸ ಟೈಲ್ಸ್ ಸರಿಯಾಗಿ ಕೂತ ಹಾಗೆ. ಸಿಲಿಕಾನ್ ಮೇಲೆ ಇಷ್ಟು ಚೆನ್ನಾಗಿ ಕೂರುವುದಿಲ್ಲ, ಜೊತೆಗೆ ಕಬ್ಬಿಣವೂ ಸಿಲಿಕಾನೂ ಸೇರಿ ಸಿಲಿಸೈಡ್ ಎಂಬ ಬೇರೆಯೇ ಸಂಯುಕ್ತವಾಗಿಬಿಡುತ್ತವೆ. ಗ್ಯಾಲಿಯಂ ಆರ್ಸೆನೈಡ್ ಮೇಲೆ ಒಂದೇ ಹರಳಾಗಿ ಬೆಳೆದ ಕಬ್ಬಿಣದ ಪದರವನ್ನು ಪ್ರಿನ್ಸ್ ಮತ್ತು ಕ್ರೆಬ್ಸ್ 1981ರಲ್ಲಿ ಪ್ರಕಟಿಸಿದರು.

ಬೆಳೆಸುವ ವಿಧಾನ ಹೇಳಲು ಸುಲಭ. ನಿರ್ವಾತದ ಕೋಣೆಯಲ್ಲಿ ಕಬ್ಬಿಣವನ್ನು ಕಾಯಿಸಿದರೆ ಅದರ ಪರಮಾಣುಗಳು ಆವಿಯಾಗಿ ಹಾರುತ್ತವೆ, ಎದುರಿಗಿರುವ ಬಿಲ್ಲೆಯ ಮೇಲೆ ಕೂರುತ್ತವೆ. ನಿಮಿಷಕ್ಕೆ ಒಂದು ಪದರದ ಆಸುಪಾಸಿನ ವೇಗ. ಕಷ್ಟವಿರುವುದು ನಿರ್ವಾತದಲ್ಲಿ. ವಾಯುಮಂಡಲದ ಒತ್ತಡದ ಸುಮಾರು ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ಇಳಿಸಿದರೂ, ಉಳಿದಿರುವ ಅನಿಲದ ಅಣುಗಳು ಒಂದೇ ಸೆಕೆಂಡಿನಲ್ಲಿ ಇಡೀ ಬಿಲ್ಲೆಯನ್ನು ಮುಚ್ಚಬಲ್ಲವು. ಒತ್ತಡವನ್ನು ಇನ್ನೂ ಹತ್ತು ಸಾವಿರ ಪಟ್ಟು ಇಳಿಸಿದರೆ ಎರಡೂವರೆ ಮೂರು ಗಂಟೆಗಳ ಕಾಲಾವಕಾಶ ಸಿಗುತ್ತದೆ. ಪದರ ಬೆಳೆಸುವುದು, ಅಳೆಯುವುದು ಎಲ್ಲವನ್ನೂ ಅಷ್ಟರಲ್ಲಿ ಮುಗಿಸಬೇಕು. ಇಲ್ಲವಾದರೆ ಅಳತೆ ಸಿಗುವುದು ಕಬ್ಬಿಣದ್ದಲ್ಲ, ಕೊಳೆಯದ್ದು.

ಪದರ ಬೆಳೆಯಿತು. ಅದರ ಕಾಂತಶಕ್ತಿಯನ್ನು ಅಳೆದಾಗ ಒಂದು ಕೊರತೆ ಕಾಣಿಸಿತು.

ಪದರ ಎರಡು ಪಟ್ಟು ದಪ್ಪವಾದರೆ ಒಟ್ಟು ಕಾಂತಶಕ್ತಿಯೂ ಎರಡು ಪಟ್ಟಾಗಬೇಕು. ದಪ್ಪವನ್ನು ಅಡ್ಡಕ್ಕೆ, ಕಾಂತಶಕ್ತಿಯನ್ನು ಉದ್ದಕ್ಕೆ ಇಟ್ಟು ಗ್ರಾಫ್ ಬರೆದರೆ ಸೊನ್ನೆಯಿಂದ ಹೊರಡುವ ನೇರ ಗೆರೆ ಬರಬೇಕು. ಗೆರೆ ನೇರವಾಗಿಯೇ ಬಂತು, ಆದರೆ ಸೊನ್ನೆಯಿಂದ ಹೊರಡಲಿಲ್ಲ. ಒಲೆಯ ಮೇಲೆ ಹಾಲು ಕಾಯಿಸುವಾಗ ಒಂದಿಷ್ಟು ಪಾತ್ರೆಯ ತಳಕ್ಕೆ ಹತ್ತಿಕೊಳ್ಳುತ್ತದಲ್ಲ, ಅರ್ಧ ಲೀಟರ್ ಇಟ್ಟರೂ ಎರಡು ಲೀಟರ್ ಇಟ್ಟರೂ ನಷ್ಟ ಹೆಚ್ಚುಕಡಿಮೆ ಅಷ್ಟೇ. ಇಲ್ಲೂ ಹಾಗೆಯೇ: ದಪ್ಪ ಎಷ್ಟೇ ಇರಲಿ, ತಳದ ಕೆಲವು ಪದರಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅವುಗಳಿಗೆ 'ಕಾಂತೀಯವಾಗಿ ಸತ್ತ ಪದರಗಳು' ಎಂಬ ಹೆಸರು ಬಿತ್ತು.

ಯಾರು ಕೊಂದರು? ಸಂಶಯ ನೇರವಾಗಿ ಆರ್ಸೆನಿಕ್ ಮೇಲೆ ಹೋಯಿತು. ವಿಷ ಎಂಬ ಕೆಟ್ಟ ಹೆಸರು ಅದಕ್ಕೆ ಮೊದಲೇ ಇದೆಯಲ್ಲ! ಆದರೆ ಇಲ್ಲಿ ಸಂಶಯಕ್ಕೆ ಒಳ್ಳೆಯ ಕಾರಣವೂ ಇತ್ತು. ಬೆಳೆಸುವಾಗ ಬಿಲ್ಲೆಯನ್ನು ಬಿಸಿ ಮಾಡುತ್ತಿದ್ದರು, ಆಗ ಆರ್ಸೆನಿಕ್ ಪರಮಾಣುಗಳು ತಮ್ಮ ಜಾಗ ಬಿಟ್ಟು ಕಬ್ಬಿಣದೊಳಕ್ಕೆ ನುಸುಳುತ್ತವೆ. ಕೆಲವು ಕಬ್ಬಿಣದ ಮೇಲ್ಮೈವರೆಗೂ ತೇಲಿಬರುತ್ತವೆ. ಎರಡು ಕಬ್ಬಿಣ, ಒಂದು ಆರ್ಸೆನಿಕ್ ಸೇರಿದ ಸಂಯುಕ್ತವೊಂದಿದೆ. ಅದರಲ್ಲಿ ಕಬ್ಬಿಣದ ಸ್ಪಿನ್‌ಗಳು ಒಂದು ಮೇಲೆ ಒಂದು ಕೆಳಗೆ ಎಂದು ಎದುರುಬದುರಾಗಿ ನಿಂತು ಒಟ್ಟು ಕಾಂತಶಕ್ತಿ ಸೊನ್ನೆಯಾಗುತ್ತದೆ. ಗಡಿಯಲ್ಲಿ ಅಂಥದ್ದೇ ಏನೋ ಆಗಿರಬೇಕು ಎಂದು 1987ರಲ್ಲಿ ಪ್ರಿನ್ಸ್ ಅವರ ತಂಡವೇ ಸೂಚಿಸಿತು.

ತಳದ ಎರಡು ಪದರ ಸತ್ತರೆ ಸಾಯಲಿ, ಮೇಲಿನವು ಇವೆಯಲ್ಲ ಎನ್ನಬಹುದು. ತೊಂದರೆ ಇದ್ದದ್ದೇ ಅಲ್ಲಿ. ಕಬ್ಬಿಣವನ್ನು ಅರೆವಾಹಕದ ಮೇಲೆ ಕೂರಿಸುವ ಉದ್ದೇಶವೇ ಒಂದೇ ದಿಕ್ಕಿನ ಸ್ಪಿನ್ ಇರುವ ಇಲೆಕ್ಟ್ರಾನ್‌ಗಳನ್ನು ಕಬ್ಬಿಣದಿಂದ ಅರೆವಾಹಕದೊಳಕ್ಕೆ ಕಳಿಸುವುದು. ಈಗಿನ ಟ್ರಾನ್ಸಿಸ್ಟರ್‌ಗಳು ಇಲೆಕ್ಟ್ರಾನಿನ ವಿದ್ಯುದಾವೇಶವನ್ನಷ್ಟೇ ಬಳಸುತ್ತವೆ. ಸ್ಪಿನ್ ಅನ್ನೂ ದುಡಿಸಿಕೊಂಡರೆ ಹೊಸ ಬಗೆಯ ಟ್ರಾನ್ಸಿಸ್ಟರ್ ಮಾಡಬಹುದು ಎಂದು 1990ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸುಪ್ರಿಯೋ ದತ್ತಾ ಮತ್ತು ಬಿಸ್ವಜಿತ್ ದಾಸ್ ಪ್ರಸ್ತಾಪಿಸಿದ್ದರು. ಅದಾಗಬೇಕಾದರೆ ಇಲೆಕ್ಟ್ರಾನ್ ಗಡಿಯ ಕಟ್ಟಕಡೆಯ ಪದರವನ್ನು ದಾಟಿಯೇ ಹೋಗಬೇಕು. ಆ ಪದರ ಸತ್ತಿದ್ದರೆ, ಅಲ್ಲಿನ ಅಸ್ತವ್ಯಸ್ತ ಸ್ಪಿನ್‌ಗಳು ದಾಟುವವರ ದಿಕ್ಕನ್ನೂ ಕೆಡಿಸುತ್ತವೆ. ಸತ್ತ ಪದರ ನಿಜವಾಗಿದ್ದರೆ ಇಡೀ ಯೋಜನೆಯೇ ಬಾಗಿಲಲ್ಲಿ ಎಡವಿದಂತೆ.

ಇದನ್ನು ಪರೀಕ್ಷಿಸಲು ನೆರವಾದದ್ದು ಒಂದು ಹಳೆಯ ಸಂಗತಿ. ಸ್ಕಾಟ್ಲೆಂಡಿನ ಜಾನ್ ಕೆರ್ 1870ರ ದಶಕದಲ್ಲಿ, ಹೊಳಪು ಕೊಟ್ಟ ಅಯಸ್ಕಾಂತದ ಧ್ರುವದಿಂದ ಪ್ರತಿಫಲಿಸುವ ಬೆಳಕಿನ ಧ್ರುವೀಕರಣ ಕೊಂಚ ತಿರುಗುತ್ತದೆ ಎಂದು ಕಂಡುಕೊಂಡಿದ್ದರು. ಅಂದರೆ ಬೆಳಕಿನ ಅಲೆ ಯಾವ ಸಮತಲದಲ್ಲಿ ಕಂಪಿಸುತ್ತಿತ್ತೋ ಆ ಸಮತಲವೇ ಸ್ವಲ್ಪ ವಾಲುತ್ತದೆ. ಕೆಲವೇ ಪರಮಾಣು ಪದರಗಳಿದ್ದಾಗ ಈ ವಾಲುವಿಕೆ ಒಂದು ಡಿಗ್ರಿಯ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ, ಆದರೂ ಲೇಸರ್ ಬಳಸಿ ಅದನ್ನು ಹಿಡಿಯಬಹುದು. ದೊಡ್ಡ ಅನುಕೂಲವೆಂದರೆ ಬಿಲ್ಲೆಯನ್ನು ನಿರ್ವಾತದಿಂದ ಹೊರಗೆ ತೆಗೆಯಬೇಕಿಲ್ಲ. ಒಂದಿಷ್ಟು ಕಬ್ಬಿಣ ಕೂರಿಸು, ಕಿಟಕಿಯಿಂದ ಲೇಸರ್ ಹಾಯಿಸಿ ಅಳೆ, ಮತ್ತೊಂದಿಷ್ಟು ಕೂರಿಸು.

1990ರ ದಶಕದ ಕೊನೆಯಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದ ತಂಡ ಹೀಗೆ ಮಾಡಿತು. ಬಿಲ್ಲೆಯನ್ನು ಬಿಸಿ ಮಾಡದೆ, ಕೋಣೆಯ ತಾಪದಲ್ಲೇ ಕಬ್ಬಿಣ ಬೆಳೆಸಿತು. ಮೊದಲ ಸುಮಾರು ಮೂರೂವರೆ ಪದರಗಳವರೆಗೆ ಏನೂ ಕಾಣಲಿಲ್ಲ. ಕೋಣೆಯ ತಾಪದಲ್ಲಿ ಕಾಂತತ್ವದ ಸುಳಿವೇ ಇಲ್ಲ. ನಂತರ ಒಂದು ವಿಚಿತ್ರ ಘಟ್ಟ. ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟರೆ ಪದರ ಸ್ಪಂದಿಸುತ್ತದೆ, ತೆಗೆದ ಕೂಡಲೇ ಎಲ್ಲವನ್ನೂ ಮರೆತುಬಿಡುತ್ತದೆ. ಐದನೇ ಪದರದ ಹೊತ್ತಿಗೆ ಪಕ್ಕಾ ಅಯಸ್ಕಾಂತ! ಕ್ಷೇತ್ರ ತೆಗೆದರೂ ದಿಕ್ಕು ನೆನಪಿಟ್ಟುಕೊಳ್ಳುತ್ತದೆ.

ಮುಖ್ಯವಾದದ್ದು ಇನ್ನು ಮುಂದಿದೆ. ಅಯಸ್ಕಾಂತವಾದ ಮೇಲಿನ ಅಳತೆಗಳ ಗೆರೆಯನ್ನು ಹಿಂದಕ್ಕೆ ಎಳೆದು ನೋಡಿದರೆ ಅದು ನೇರವಾಗಿ ಸೊನ್ನೆಗೆ ಬಂದು ಸೇರಿತು. ಯಾವ ಕೊರತೆಯೂ ಇಲ್ಲ. ಮೊದಲು ಸತ್ತಂತಿದ್ದ ಆ ಮೂರೂವರೆ ಪದರಗಳೂ ಈಗ ಲೆಕ್ಕಕ್ಕೆ ಬಂದಿದ್ದವು. ಅವು ಸತ್ತೇ ಇರಲಿಲ್ಲ.

ಹಾಗಾದರೆ ಮೊದಲು ಏಕೆ ಸುಮ್ಮನಿದ್ದವು? ಉತ್ತರ ಕಬ್ಬಿಣ ಬೆಳೆಯುವ ಬಗೆಯಲ್ಲಿದೆ. 'ಮೂರು ಪದರ' ಎಂದರೆ ಕಾವಲಿಯ ಮೇಲಿನ ದೋಸೆ ಹಿಟ್ಟಿನ ಹಾಗೆ ಸಮವಾಗಿ ಹರಡಿದ ಮೂರು ಹಾಳೆಗಳು ಎಂದುಕೊಳ್ಳಬೇಡಿ. ಅದು ಸರಾಸರಿ ಲೆಕ್ಕ ಮಾತ್ರ. ಗ್ಯಾಲಿಯಂ ಆರ್ಸೆನೈಡ್ ಮೇಲೆ ಬಿದ್ದ ಕಬ್ಬಿಣ ಮೊದಲು ಅಲ್ಲಲ್ಲಿ ಗುಡ್ಡೆಗಟ್ಟುತ್ತದೆ. ಪುಟ್ಟ ಪುಟ್ಟ ದ್ವೀಪಗಳು, ನಡುನಡುವೆ ಬರಿ ನೆಲ.

ಊರ ಜಾತ್ರೆಯ ದೊಡ್ಡ ಬಯಲಿನಲ್ಲಿ ಅಲ್ಲಲ್ಲಿ ಡೊಳ್ಳು ಕುಣಿತದ ತಂಡಗಳು ನಿಂತಿವೆ ಎಂದುಕೊಳ್ಳಿ. ತಂಡದೊಳಗೆ ಎಲ್ಲರ ಪೆಟ್ಟೂ ಒಂದೇ ತಾಳಕ್ಕೆ ಬೀಳುತ್ತದೆ. ಆದರೆ ಒಂದು ತಂಡದ ಸದ್ದು ಇನ್ನೊಂದಕ್ಕೆ ಕೇಳದಷ್ಟು ದೂರವಿದ್ದರೆ ಪ್ರತಿ ತಂಡದ್ದೂ ತನ್ನದೇ ತಾಳ. ಗೋಪುರದ ಮೇಲೆ ನಿಂತು ಕೇಳುವವರಿಗೆ ಬರೀ ಗದ್ದಲ. ತಂಡಗಳು ಒಂದಕ್ಕೊಂದು ಹತ್ತಿರ ಸರಿದಂತೆ ಪಕ್ಕದವರ ಪೆಟ್ಟು ಕೇಳತೊಡಗುತ್ತದೆ, ಒಬ್ಬರನ್ನು ನೋಡಿ ಒಬ್ಬರು ಸರಿಮಾಡಿಕೊಳ್ಳುತ್ತಾರೆ, ನೋಡನೋಡುತ್ತಿದ್ದಂತೆ ಇಡೀ ಬಯಲು ಒಂದೇ ತಾಳಕ್ಕೆ ಕುಣಿಯುತ್ತದೆ.

ಕಬ್ಬಿಣದ ದ್ವೀಪಗಳೂ ಹೀಗೆಯೇ. ತೀರಾ ಚಿಕ್ಕವಿದ್ದಾಗ ದ್ವೀಪದೊಳಗಿನ ಒಗ್ಗಟ್ಟೇ ಕೋಣೆಯ ಬಿಸಿಗೆ ನಿಲ್ಲುವುದಿಲ್ಲ. ಸ್ವಲ್ಪ ದೊಡ್ಡವಾದಾಗ ಪ್ರತಿ ದ್ವೀಪವೂ ಒಳಗೆ ಒಗ್ಗಟ್ಟಾಗಿರುತ್ತದೆ, ಆದರೆ ಬಿಸಿಯ ಕುಲುಕಾಟಕ್ಕೆ ಇಡೀ ದ್ವೀಪವೇ ದಿಕ್ಕು ಬದಲಿಸುತ್ತಿರುತ್ತದೆ. ಕ್ಷೇತ್ರ ಕೊಟ್ಟಾಗ ಸ್ಪಂದಿಸಿ, ತೆಗೆದಾಗ ಮರೆಯುವ ಆ ವಿಚಿತ್ರ ಘಟ್ಟ ಇದೇ. ಇದನ್ನು ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎನ್ನುತ್ತಾರೆ. ನಾಲ್ಕೈದು ಪದರಗಳಷ್ಟು ಕಬ್ಬಿಣ ಬಿದ್ದಾಗ ದ್ವೀಪಗಳ ನಡುವಿನ ಸಂದುಗಳು ಮುಚ್ಚಿಕೊಳ್ಳುತ್ತವೆ, ಅಲ್ಲಿಗೆ ಎಲ್ಲ ಒಂದಾಗುತ್ತದೆ. ಬಿಡಿ ಪರಮಾಣುಗಳಲ್ಲಿ ಬಲ ಇತ್ತು, ಸಂಪರ್ಕ ಇರಲಿಲ್ಲ ಅಷ್ಟೇ.

ಹಾಗೆಂದು 1987ರ ತಂಡದ ಅಳತೆ ತಪ್ಪಾಗಿತ್ತು ಎಂದಲ್ಲ. ಬಿಸಿ ಬಿಲ್ಲೆಯ ಮೇಲೆ ಬೆಳೆಸಿದಾಗ ಆರ್ಸೆನಿಕ್ ಬೆರೆಯುವುದು ನಿಜ, ಕಾಂತಶಕ್ತಿ ತಗ್ಗುವುದೂ ನಿಜ. ತಪ್ಪಾಗಿದ್ದು, ಕಬ್ಬಿಣ ಮತ್ತು ಗ್ಯಾಲಿಯಂ ಆರ್ಸೆನೈಡ್ ಸೇರಿದ ಕಡೆಯೆಲ್ಲ ಹೀಗೇ ಆಗುತ್ತದೆ ಎಂದುಕೊಂಡದ್ದು. ಅದು ಬೆಳೆಸುವ ವಿಧಾನದ ದೋಷವಾಗಿತ್ತು, ವಸ್ತುಗಳ ಸ್ವಭಾವವಲ್ಲ.

ಅನುಮಾನ ಪೂರ್ತಿ ಹೋಗಲು ಗಡಿಯ ಪದರವನ್ನೊಂದೇ ಪ್ರತ್ಯೇಕವಾಗಿ ಅಳೆಯಬೇಕಿತ್ತು. 2004ರಲ್ಲಿ ಅದೂ ಆಯಿತು. ಪ್ರತಿ ಧಾತುವೂ ತನ್ನದೇ ಆದ ನಿರ್ದಿಷ್ಟ ಶಕ್ತಿಯ ಎಕ್ಸ್-ಕಿರಣಗಳನ್ನು ಹೀರುತ್ತದೆ. ಆ ಕಿರಣಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುತ್ತುವಂತೆ ಧ್ರುವೀಕರಿಸಿ ಹಾಯಿಸಿದರೆ, ಹೀರುವಿಕೆಯಲ್ಲಿನ ವ್ಯತ್ಯಾಸದಿಂದ ಆ ಧಾತುವಿನ ಕಾಂತಶಕ್ತಿಯೊಂದನ್ನೇ ಲೆಕ್ಕ ಹಾಕಬಹುದು. ವಿಜ್ಞಾನಿಗಳು ಅತಿ ಕಡಿಮೆ ಕಬ್ಬಿಣವನ್ನು, ಒಂದು ಪದರದಷ್ಟನ್ನೋ ಅದಕ್ಕಿಂತಲೂ ಕಡಿಮೆಯನ್ನೋ ಕೂರಿಸಿ, ಮೇಲೆ ಕೋಬಾಲ್ಟ್ ಹೊದಿಸಿದರು. ಒಗ್ಗಟ್ಟಿಗೆ ಬೇಕಾದ ನೆರೆಹೊರೆಯನ್ನು ಕೋಬಾಲ್ಟ್ ಒದಗಿಸಿತು. ಎಕ್ಸ್-ಕಿರಣ ಕಬ್ಬಿಣವನ್ನಷ್ಟೇ ನೋಡಿತು. ಗ್ಯಾಲಿಯಂ ಆರ್ಸೆನೈಡ್‌ಗೆ ತಾಗಿಕೊಂಡೇ ಇದ್ದ ಆ ಕಬ್ಬಿಣದ ಸ್ಪಿನ್ ಕಾಂತಶಕ್ತಿ ದಪ್ಪ ಕಬ್ಬಿಣದ ಹತ್ತಿರಕ್ಕೇ ಬಂತು.

ಈಗ ದಿಕ್ಕಿನ ವಿಷಯಕ್ಕೆ ಬರೋಣ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಸೋಜಿಗ ಎನಿಸುವುದು ಇದು. ದಪ್ಪ ಕಬ್ಬಿಣದ ಹರಳಿನಲ್ಲಿ ಸ್ಪಿನ್‌ಗಳಿಗೆ ಇಷ್ಟವಾದ ದಿಕ್ಕು ಘನದ ಅಂಚಿನ ಗುಂಟ. ಚೌಕದ ಎರಡು ಕರ್ಣಗಳು ಅದಕ್ಕೆ ಒಂದೇ ಸಮ, ಎರಡೂ ಅಷ್ಟೇನೂ ಇಷ್ಟವಿಲ್ಲದವು. ಆದರೆ ಗ್ಯಾಲಿಯಂ ಆರ್ಸೆನೈಡ್ ಮೇಲೆ ಕೂತ ತೆಳು ಕಬ್ಬಿಣ ಅಂಚನ್ನು ಬಿಟ್ಟು ಒಂದು ಕರ್ಣವನ್ನು ಆರಿಸಿಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೊಂದು ಅಲ್ಲ, ಯಾವಾಗಲೂ ಅದೇ ಒಂದು. ಇನ್ನೊಂದು ಕರ್ಣದ ಕಡೆಗೆ ತಿರುಗಿಸುವುದು ಎಲ್ಲಕ್ಕಿಂತ ಕಷ್ಟ.

ಈ ಭೇದ ಕಬ್ಬಿಣದ್ದಲ್ಲ, ಕೆಳಗಿನ ನೆಲದ್ದು. ಗ್ಯಾಲಿಯಂ ಆರ್ಸೆನೈಡ್ ಹರಳಿನ ಮೇಲ್ಮೈಯಲ್ಲಿ ಪರಮಾಣುಗಳ ಬಿಡಿ ಬಂಧಗಳು ಒಂದು ಕರ್ಣದ ಕಡೆಗೇ ಚಾಚಿಕೊಂಡಿರುತ್ತವೆ. ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಇದ್ದ ಹಾಗೆ, ದೂರದಿಂದ ನೋಡಿದರೆ ಎರಡೂ ಒಂದೇ, ಎಳೆದು ನೋಡಿದರೆ ಬೇರೆ. ತಳದ ಕಬ್ಬಿಣದ ಪರಮಾಣುಗಳು ಈ ಬಂಧಗಳಿಗೆ ಕೈಜೋಡಿಸುವುದರಿಂದ ನೇಯ್ಗೆಯ ದಿಕ್ಕು ಅವುಗಳಿಗೂ ತಗಲುತ್ತದೆ. ಕಾಂತತ್ವವೇ ಇಲ್ಲದ ಅರೆವಾಹಕ, ತನ್ನ ಮೇಲೆ ಕೂತ ಅಯಸ್ಕಾಂತಕ್ಕೆ ಯಾವ ಕಡೆ ಮುಖಮಾಡಬೇಕೆಂದು ಹೇಳುತ್ತದೆ! ಪದರ ದಪ್ಪವಾಗುತ್ತ ಹೋದಂತೆ ಒಳಗಿನ ಕಬ್ಬಿಣದ ಪಾಲು ಹೆಚ್ಚುತ್ತದೆ, ಗಡಿಯ ಪಾಲು ಇದ್ದಷ್ಟೇ ಇರುತ್ತದೆ. ಕೆಲವು ಹತ್ತು ಪದರಗಳಾದ ಮೇಲೆ ಕಬ್ಬಿಣ ತನ್ನ ಹಳೆಯ ಇಷ್ಟಕ್ಕೆ ಮರಳುತ್ತದೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಒಂದು ಫಲ ಅನಿರೀಕ್ಷಿತವಾಗಿ ಬಂತು. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್ ಅವರ ತಂಡ ಕಬ್ಬಿಣ ಮತ್ತು ಕ್ರೋಮಿಯಂ ಪದರಗಳನ್ನು ಒಂದರ ಮೇಲೊಂದು ಪೇರಿಸಿ, ಕಾಂತಕ್ಷೇತ್ರ ಕೊಟ್ಟಾಗ ವಿದ್ಯುತ್ ರೋಧ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದನ್ನು ಕಂಡಿತು. ಆ ಪದರಗಳನ್ನು ಬೆಳೆಸಿದ ನೆಲ ಗ್ಯಾಲಿಯಂ ಆರ್ಸೆನೈಡ್ ಆಗಿತ್ತು. ಕಂಪ್ಯೂಟರ್ ಹಾರ್ಡ್ ಡಿಸ್ಕ್‌ಗಳ ಸಾಮರ್ಥ್ಯ ಹಲವು ಪಟ್ಟು ಹೆಚ್ಚಲು ಕಾರಣವಾದ ಈ ಶೋಧಕ್ಕೆ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ 2007ರಲ್ಲಿ ನೊಬೆಲ್ ಹಂಚಿಕೊಂಡರು.

ಸ್ಪಿನ್ ಅನ್ನು ಅರೆವಾಹಕದೊಳಕ್ಕೆ ಕಳಿಸುವ ಮೂಲ ಯೋಜನೆಗೆ ಇನ್ನೊಂದು ಅಡ್ಡಿ ಎದುರಾಯಿತು. ಕಬ್ಬಿಣದಲ್ಲಿ ಒಂದು ದಿಕ್ಕಿನ ಸ್ಪಿನ್‌ಗಳಿಗೆ ಹಾದಿ ಅಗಲ, ಇನ್ನೊಂದಕ್ಕೆ ಕಿರಿದು. ಆದರೆ ಅರೆವಾಹಕದ ರೋಧ ಎಷ್ಟು ದೊಡ್ಡದೆಂದರೆ ಈ ವ್ಯತ್ಯಾಸ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಒಂದು ದಪ್ಪ, ಒಂದು ಸಣ್ಣ ಪೈಪು ತಂದು, ಎರಡರ ತುದಿಗೂ ತೋಟಕ್ಕೆ ಹಾಕುವ ಒಂದೇ ಅಳತೆಯ ಡ್ರಿಪ್ ನಳಿಕೆ ಸಿಕ್ಕಿಸಿದರೆ ಎರಡರಿಂದಲೂ ತೊಟ್ಟಿಕ್ಕುವುದು ಒಂದೇ ಪ್ರಮಾಣದ ನೀರು. ಗಡಿಯಲ್ಲಿ ಇಲೆಕ್ಟ್ರಾನ್‌ಗಳು ಸುರಂಗ ಕೊರೆದಂತೆ ದಾಟಬೇಕಾದ ತಡೆಯೊಂದನ್ನು ಇಟ್ಟರೆ ಈ ತೊಡಕು ಬಿಡಿಸಬಹುದು ಎಂದು 2000ದಲ್ಲಿ ಇಮ್ಯಾನ್ಯುಯೆಲ್ ರಾಶ್ಬಾ ತೋರಿಸಿದರು. ಕಬ್ಬಿಣ ಮತ್ತು ಗ್ಯಾಲಿಯಂ ಆರ್ಸೆನೈಡ್ ಸೇರುವಲ್ಲಿ ಅಂಥ ತಡೆ ತಾನಾಗಿಯೇ ಏರ್ಪಡುತ್ತದೆ. 2001ರಲ್ಲಿ ಬರ್ಲಿನ್‌ನ ತಂಡವೊಂದು ಕೋಣೆಯ ತಾಪದಲ್ಲಿ ಕಬ್ಬಿಣದಿಂದ ಗ್ಯಾಲಿಯಂ ಆರ್ಸೆನೈಡ್‌ಗೆ ಸ್ಪಿನ್ ಕಳಿಸುವಲ್ಲಿ ಯಶಸ್ವಿಯಾಯಿತು. ದಕ್ಷತೆ ಶೇಕಡಾ 2 ಮಾತ್ರ. ತೀರಾ ತಣ್ಣನೆಯ ಸ್ಥಿತಿಯಲ್ಲಿ ಇತರ ತಂಡಗಳು ಅದಕ್ಕಿಂತ ಬಹಳ ಮುಂದೆ ಹೋಗಿವೆ. ಆದರೂ ದತ್ತಾ ಮತ್ತು ದಾಸ್ ಕಲ್ಪಿಸಿದ ಟ್ರಾನ್ಸಿಸ್ಟರ್ ಇನ್ನೂ ಪ್ರಯೋಗಾಲಯ ಬಿಟ್ಟು ಅಂಗಡಿಗೆ ಬಂದಿಲ್ಲ.

ಅಂಗಡಿಗೆ ಬಂದಿರುವುದು ಇದರ ದಾಯಾದಿ. ವಿದ್ಯುತ್ ಹೋದರೂ ನೆನಪು ಉಳಿಸಿಕೊಳ್ಳುವ ಎಂರ‍್ಯಾಮ್ ಎಂಬ ಮೆಮೊರಿ ಚಿಪ್‌ಗಳಲ್ಲಿ ಕೋಬಾಲ್ಟ್, ಕಬ್ಬಿಣ, ಬೋರಾನ್ ಸೇರಿದ ತೆಳು ಪದರಗಳು ಮೆಗ್ನೀಸಿಯಂ ಆಕ್ಸೈಡ್‌ಗೆ ಅಂಟಿಕೊಂಡಿರುತ್ತವೆ. 2010ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತಂಡ ತೋರಿಸಿದ ಮಾದರಿಯಲ್ಲಿ ಆ ಪದರದ ದಪ್ಪ 1.3 ನ್ಯಾನೋಮೀಟರ್. ಅಷ್ಟು ತೆಳುವಿದ್ದಾಗ ಗಡಿಯ ಬಂಧಗಳ ಮಾತು ನಡೆಯುತ್ತದೆ, ಸ್ಪಿನ್‌ಗಳು ಪದರಕ್ಕೆ ಲಂಬವಾಗಿ ಎದ್ದು ನಿಲ್ಲುತ್ತವೆ, ಒಂದೊಂದು ಮಾಹಿತಿಯನ್ನು ಬಹಳ ಚಿಕ್ಕ ಜಾಗದಲ್ಲಿ ಬರೆದಿಡಬಹುದು. ದಪ್ಪವನ್ನು ಒಂದೆರಡು ಪರಮಾಣು ಪದರಗಳಷ್ಟು ಹೆಚ್ಚಿಸಿ ನೋಡಿ, ಸ್ಪಿನ್‌ಗಳು ಅಡ್ಡ ಮಲಗಿಬಿಡುತ್ತವೆ.